ಹುಟ್ಟುವ ಮೊದಲೇ ತೀರಿಕೊಂಡ ಮುತ್ತಜ್ಜ

ಎಲ್ರಾಯ್ ಶ್ವಾಂಟೆಸ್‌ಗೆ ತನ್ನ ಮುತ್ತಜ್ಜನನ್ನು ಸಾಯಿಸುವ ಉದ್ದೇಶ ಖಂಡಿತ ಇರಲಿಲ್ಲ. ಆ ಮನುಷ್ಯ ಹೇಗೂ ಸತ್ತು ಎಂಬತ್ತನಾಲ್ಕು ವರ್ಷವಾಗಿತ್ತು. ಇವನು ಮಾಡಿದ ತಪ್ಪು ಇಷ್ಟೇ: ಒಂದು ಶುಕ್ರವಾರ ಬಾಯಿ ಮುಚ್ಚಿಕೊಂಡು ಮೀನು ತಿನ್ನುವ ಬದಲು ಬಾಯಿ ತೆರೆದು ಮಾತಾಡಿದ.

ನ್ಯೂ ಕಾಮಿನ್ ಊರಿನಲ್ಲಿ ಶುಕ್ರವಾರವೆಂದರೆ ಬಾರಿನಲ್ಲಿ ಕರಿದ ಮೀನು, ಮೀನಾದ ಮೇಲೆ ಇಸ್ಪೀಟು. ಎಲ್ರಾಯ್ ನಲವತ್ತೊಂದು ವರ್ಷ ಚೀಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಎಪ್ಪತ್ತಮೂರು ವಯಸ್ಸು, ದೊಡ್ಡ ಕಿವಿಗಳು, ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳು. ಎದುರಿಗೆ ಕೂರುವವನು ಗಿಲ್ಬರ್ಟ್ ರಾಡಟ್ಸ್, ಹಾಲಿನ ಲಾರಿ ಓಡಿಸಿ ಬೆನ್ನು ಬಾಗಿಸಿಕೊಂಡವನು. ಇಬ್ಬರೂ ಐವತ್ತು ವರ್ಷದ ಗೆಳೆಯರು. ಐವತ್ತು ವರ್ಷದಲ್ಲಿ ಒಬ್ಬರ ಬಗ್ಗೆ ಒಬ್ಬರು ಒಂದು ಒಳ್ಳೆಯ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

ಆ ಶುಕ್ರವಾರ ರಾಡಟ್ಸ್ ಎಲೆ ಹಂಚುವುದನ್ನು ನಿಲ್ಲಿಸಿ, ಜೇಬಿನಿಂದ ಒಂದು ಕಾಗದ ತೆಗೆದ. "ಜರ್ಮನಿಯಿಂದ ಬಂದಿದೆ. ನಮ್ಮಜ್ಜನ ಅಜ್ಜ ಅಲ್ಲಿ ಗಿರಣಿ ಇಟ್ಟಿದ್ದನಂತೆ. ಎರಡು ಕಲ್ಲಿನ ಗಿರಣಿ. ಮುದ್ರೆ ನೋಡು, ಮುದ್ರೆ."

ಎಲ್ರಾಯ್ ಮುದ್ರೆ ನೋಡಿದ. ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲೆ ಮಗುಚಿಟ್ಟ.

"ಗಿರಣಿಯಾ?" ಅಂದ. "ನಮ್ಮ ಮುತ್ತಜ್ಜ ರಾಜನ ಕಾಡಿಗೆ ಅಧಿಕಾರಿಯಾಗಿದ್ದ."

ಈ ಮಾತಿನಲ್ಲಿ ಪೂರ್ತಿ ಸುಳ್ಳೇನೂ ಇರಲಿಲ್ಲ. ಮುತ್ತಜ್ಜ ರಾಜನ ಕಾಡಿನಲ್ಲಿ ಸೌದೆ ಕದಿಯುವಾಗ ಸಿಕ್ಕಿಬಿದ್ದಿದ್ದ ಎಂದು ಎಲ್ರಾಯ್‌ನ ಅಪ್ಪ ಒಮ್ಮೆ ಹೇಳಿದ್ದುಂಟು. ಕಾಡು ರಾಜನದೇ; ಅಧಿಕಾರಿಯೂ ಅಲ್ಲಿ ಇದ್ದೇ ಇದ್ದ.

"ಕಾಗದ ಇದೆಯಾ?" ಎಂದ ರಾಡಟ್ಸ್.

"ಬರತ್ತೆ."

"ಚರ್ಚಿನ ಹಬ್ಬಕ್ಕೆ ತೂಗು ಹಾಕ್ತೀಯಾ?"

"ಚೌಕಟ್ಟು ಹಾಕಿಸಿ ತೂಗು ಹಾಕ್ತೀನಿ," ಎಂದ ಎಲ್ರಾಯ್. ಅಲ್ಲಿಗೆ ಅವನ ಮುತ್ತಜ್ಜನ ಆಯುಷ್ಯ ಮುಗಿಯಿತು.

ಚರ್ಚಿನ ಹಬ್ಬವೆಂದರೆ ಸೇಂಟ್ ಜಾನ್ ಚರ್ಚಿನ ನೂರಿಪ್ಪತ್ತೈದನೇ ವರ್ಷ. 1866ರಲ್ಲಿ ಜರ್ಮನಿಯ ಪೊಮೆರೇನಿಯದಿಂದ ಬಂದ ಏಳು ಮನೆತನಗಳು ವಿಸ್ಕಾನ್ಸಿನ್ನಿನ ಈ ಜೌಗು ನೆಲದಲ್ಲಿ ಮರ ಕಡಿದು ಆ ಚರ್ಚು ಕಟ್ಟಿದವು. ಅದಕ್ಕೆ ಪ್ರತಿಫಲವಾಗಿ ಅವರಿಗೆ ಈ ಲೋಕದಲ್ಲಿ ಏನೂ ಸಿಗಲಿಲ್ಲ. ಸ್ಮಶಾನದಲ್ಲಿ ಮಾತ್ರ ಮೊದಲ ಸಾಲು ಸಿಕ್ಕಿತು. ಏಳು ಮನೆಯ ರಕ್ತದವರು ಮತ್ತು ಅವರನ್ನು ಮದುವೆಯಾದವರು ಮಾತ್ರ ಅಲ್ಲಿ ಮಲಗಬಹುದು. ಉಳಿದವರಿಗೆ ಹಿಂದಿನ ಸಾಲುಗಳು. ಅವು ತುಂಬಿಹೋದದ್ದರಿಂದ ಈಗ ಹೆದ್ದಾರಿಯ ಪಕ್ಕ, ಪೆಟ್ರೋಲ್ ಬಂಕಿನ ದೀಪದ ಕೆಳಗೆ, ಹೊಸ ಸ್ಮಶಾನ. ರಾಡಟ್ಸ್ ಮನೆಯವರು ಎರಡನೇ ಹಡಗಿನಲ್ಲಿ ಬಂದವರು. ಅವನ ಹೆಸರು ಬಂಕಿನ ಕಡೆಗೇ ಬರೆದಿತ್ತು.

ಎಲ್ರಾಯ್‌ನದು ಹಾಗಲ್ಲ. ಶ್ವಾಂಟೆಸ್ ಏಳರಲ್ಲಿ ಒಂದು. ಮೊದಲ ಸಾಲಿನ ಹದಿನೈದನೇ ಜಾಗದಲ್ಲಿ ಹೆಂಡತಿ ವೆರ್ನಾ ಮಲಗಿದ್ದಳು, ಹದಿನಾರು ಅವನದು. ಇಬ್ಬರಿಗೂ ಸೇರಿ ಅಗಲವಾದ ಒಂದೇ ಕಲ್ಲು. ಬಲಕ್ಕೆ ವೆರ್ನಾಳ ಎರಡು ವರ್ಷಗಳು, ಹುಟ್ಟಿದ್ದು, ಹೋದದ್ದು. ಎಡಕ್ಕೆ ಎಲ್ರಾಯ್, 1917, ಒಂದು ಗೆರೆ, ಆಮೇಲೆ ನುಣುಪಾದ ಖಾಲಿ ಕಲ್ಲು. ಆ ಖಾಲಿ ನೋಡಿದರೆ ಅವನಿಗೆ ಹೆದರಿಕೆ ಆಗುತ್ತಿರಲಿಲ್ಲ. ಡಾಕ್ಟರ ಬಾಗಿಲಲ್ಲಿ ಹೆಸರು ಬರೆಸಿ ಬೆಂಚಿನ ಮೇಲೆ ಕೂತವನ ಸಮಾಧಾನ ಆಗುತ್ತಿತ್ತು. ನಲವತ್ತಾರು ವರ್ಷ ಅವಳ ಎಡಕ್ಕೆ ಮಲಗಿದವನು. ಈ ಹದಿನಾಲ್ಕು ತಿಂಗಳಲ್ಲಿ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಹದಿನಾರನೇ ಜಾಗದಲ್ಲಿ ಬರುತ್ತದೆ ಎಂಬ ನಂಬಿಕೆಯಿತ್ತು.

ಶನಿವಾರ ಶನಿವಾರ ಅವನೇ ಹೋಗಿ ಆ ಸಾಲಿನ ಹುಲ್ಲು ಕತ್ತರಿಸುತ್ತಿದ್ದ. ಒಂದೇ ಒಂದು ತೊಂದರೆ. ವೆರ್ನಾಳ ಆ ಪಕ್ಕ, ಹದಿನಾಲ್ಕನೇ ಜಾಗದಲ್ಲಿ, ಮೊಣಕಾಲೆತ್ತರದ ಒಂದು ಕಲ್ಲು, ಅದರ ಮೇಲೊಂದು ಮಲಗಿದ ಕುರಿಮರಿ. ಯಾವುದೋ ಮಗುವಿನದು. ಪಾಚಿ ಕಟ್ಟಿ ಹೆಸರು ಮುಚ್ಚಿಹೋಗಿತ್ತು. ಹುಲ್ಲು ಕತ್ತರಿಸುವ ಯಂತ್ರ ಪ್ರತಿ ವಾರ ಅದಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಎಲ್ರಾಯ್ ಪ್ರತಿ ವಾರ "ಹಾಳಾದ್ ಕುರಿ" ಎನ್ನುತ್ತಿದ್ದ. ಕಳೆದ ಬೇಸಿಗೆಯಲ್ಲಿ ಅದನ್ನು ಬೇಲಿ ಕಡೆ ಸರಿಸಿಕೊಡಿ ಎಂದು ಅರ್ಜಿಯನ್ನೂ ಕೊಟ್ಟಿದ್ದ. ಸ್ಮಶಾನ ಸಮಿತಿಯ ಅಧ್ಯಕ್ಷೆ ಲಿಯೋನಾ ಕ್ರೆಸ್ಸಿನ್ ಅರ್ಜಿಯ ಹಿಂಬದಿಯಲ್ಲೇ ಉತ್ತರ ಬರೆದು ಕಳಿಸಿದ್ದರು: "ಮೊದಲ ಸಾಲಿನಲ್ಲಿ ಯಾರೂ ಯಾರನ್ನೂ ಸರಿಸುವುದಿಲ್ಲ."

ಕಾಗದ ಹುಡುಕಲು ಎಲ್ರಾಯ್ ಜಿಲ್ಲಾ ಗ್ರಂಥಾಲಯಕ್ಕೆ ಹೋದ. ಪೊಮೆರೇನಿಯದ ಚರ್ಚಿನ ಹಳೆಯ ಪುಸ್ತಕಗಳ ಫಿಲ್ಮು ಸುರುಳಿಯನ್ನು ಅಲ್ಲಿ ತರಿಸಿಕೊಡುತ್ತಿದ್ದರು. ಯಂತ್ರದ ಮುಂದೆ ಕೂತು ಹಿಡಿ ತಿರುಗಿಸಬೇಕು. ಬಿಳಿ ತೆರೆಯ ಮೇಲೆ ನೂರೈವತ್ತು ವರ್ಷದ ಹಿಂದಿನ ಕೈಬರಹ ಸರಿಯುತ್ತದೆ. ಅದು ಹಳೆಯ ಜರ್ಮನ್ ಬರಹ, ಮುರಿದ ಬೇಲಿ ಉದ್ದಕ್ಕೂ ಬಿದ್ದಿರುವಂತೆ. ಎಲ್ರಾಯ್‌ಗೆ ಅದರಲ್ಲಿ ಓದಲು ಬರುತ್ತಿದ್ದುದು ಒಂದೇ ಪದ: ಶ್ವಾಂಟೆಸ್. ಆ ಪದವನ್ನು ಗ್ರಂಥಪಾಲಕಿ ಚೀಟಿಯ ಮೇಲೆ ಬರೆದುಕೊಟ್ಟಿದ್ದಳು.

ಮೂರನೇ ದಿನ ಸಿಕ್ಕಿತು. ಹೆಸರು ಪೂರ್ತಿ ಇತ್ತು: ಕಾರ್ಲ್ ಫ್ರೀಡ್ರಿಖ್ ವಿಲ್ಹೆಲ್ಮ್ ಶ್ವಾಂಟೆಸ್. ಮೊದಲ ಸಾಲಿನ ಹಳೆಯ ಕಲ್ಲಿನ ಮೇಲಿದ್ದ ಹೆಸರು, ಅಕ್ಷರಕ್ಕೆ ಅಕ್ಷರ ಅದೇ. ಹೆಸರಿನ ಮುಂದೆ ಉದ್ದ ಸಾಲು. ಅಕ್ಕಪಕ್ಕದ ಸಾಲುಗಳೆಲ್ಲ ಗಿಡ್ಡ. ಇದೊಂದೇ ಅಂಚಿನವರೆಗೆ ಓಡಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕೊನೆಯಲ್ಲಿ ಒಂದು ಶಿಲುಬೆಯ ಗುರುತು.

"ನೋಡಮ್ಮ," ಎಂದು ಅವನು ಗ್ರಂಥಪಾಲಕಿಯನ್ನು ಕರೆದ. "ರಾಜ ಶಿಲುಬೆ ಪದಕ ಕೊಟ್ಟಿದಾನೆ."

"ಅದು ಏನಂತ ಓದಿಸಿಕೊಳ್ಳಿ ಸಾರ್, ಮೊದಲು."

"ಓದೋದೇನಿದೆ? ರಾಜರು ಸುಮ್ಮಸುಮ್ನೆ ಶಿಲುಬೆ ಕೊಡ್ತಾರಾ?"

ಪ್ರತಿ ತೆಗೆಸಿದ. ಓಕ್ ಮರದ ಚೌಕಟ್ಟು ಹಾಕಿಸಿದ. ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ, ವೆರ್ನಾ ಕೂರುತ್ತಿದ್ದ ಕುರ್ಚಿಯ ಎದುರಿಗೆ ನಿಲ್ಲಿಸಿ ಕಾಫಿ ಕುಡಿದ. ಆ ಮನೆಯಲ್ಲಿ ಬಹಳ ದಿನದಿಂದ ಹೊಸದಾಗಿ ಹೇಳಿಕೊಳ್ಳುವಂಥದು ಏನೂ ಆಗಿರಲಿಲ್ಲ.

ಹಬ್ಬದ ಭಾನುವಾರ ಚರ್ಚಿನ ನೆಲಮಾಳಿಗೆ ಕಾಲಿಡಲಾಗದಷ್ಟು ತುಂಬಿತ್ತು. ಉದ್ದ ಮೇಜುಗಳ ಮೇಲೆ ಹಂದಿ ಮಾಂಸ, ಆಲೂಗಡ್ಡೆ ಸಲಾಡು, ಹುಳಿ ಎಲೆಕೋಸು. ಗೋಡೆಯ ಮೇಲೆ ಏಳು ಮನೆತನಗಳ ವಂಶದ ಪಟಗಳು. ಆರು ಮನೆಯವರು ಬಣ್ಣದ ಪೆನ್ನಿನಲ್ಲಿ ಮರ ಬರೆದಿದ್ದರು. ಏಳನೆಯದು ಓಕ್ ಚೌಕಟ್ಟು. ಅದರ ಕೆಳಗೆ ಎಲ್ರಾಯ್ ಸ್ವಂತ ಕೈಯಿಂದ ಅಚ್ಚಕ್ಷರದಲ್ಲಿ ಬರೆದಿದ್ದ: "ರಾಜನು ನಮ್ಮ ಮುತ್ತಜ್ಜನನ್ನು ಅರಣ್ಯಾಧಿಕಾರಿಯಾಗಿ ನೇಮಿಸಿ ಶಿಲುಬೆ ನೀಡಿದ ಆದೇಶ."

ರಾಡಟ್ಸ್ ಅದರ ಮುಂದೆ ತಟ್ಟೆ ಹಿಡಿದು ಬಹಳ ಹೊತ್ತು ನಿಂತ. "ಹೌದಪ್ಪಾ," ಅಂದ ಕೊನೆಗೆ. "ಗಿರಣಿಗಿಂತ ದೊಡ್ಡದೇ."

ಎಲ್ರಾಯ್‌ನ ಬದುಕಿನ ಅತ್ಯುತ್ತಮ ಎರಡು ನಿಮಿಷ ಅದು. ಎರಡೇ ನಿಮಿಷ.

ಲಿಯೋನಾ ಕ್ರೆಸ್ಸಿನ್ ಬಂದರು. ಎತ್ತರದ ಹೆಂಗಸು, ಉಕ್ಕಿನ ಕನ್ನಡಕ. ಸ್ಮಶಾನದ ಪುಸ್ತಕ ಮೂವತ್ತು ವರ್ಷದಿಂದ ಅವರ ವಶದಲ್ಲಿತ್ತು. ಬದುಕಿರುವವರನ್ನು ಕಂಡರೂ ಇವರಿಗೆ ಯಾವ ಸಾಲು ಎಂದು ಅಳೆಯುವ ನೋಟ ಬಂದುಬಿಟ್ಟಿತ್ತು. ಹಳೆಯ ಬರಹ ಓದಬಲ್ಲವರು ಊರಿನಲ್ಲಿ ಅವರೊಬ್ಬರೇ ಎಂಬುದು ಎಲ್ರಾಯ್‌ಗೆ ಆಗಷ್ಟೇ ನೆನಪಾಯಿತು. ಅವರು ಚೌಕಟ್ಟಿನ ಹತ್ತಿರ ಬಗ್ಗಿದರು. ತುಟಿ ಅಲುಗಾಡಿತು. ಆಮೇಲೆ ಚರ್ಚಿನಲ್ಲಿ ವಾಕ್ಯ ಓದುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಓದಿದರು:

"ಕಾರ್ಲ್ ಫ್ರೀಡ್ರಿಖ್ ವಿಲ್ಹೆಲ್ಮ್ ಶ್ವಾಂಟೆಸ್. ಕೂಲಿಯವನ ಮಗ. ಗಂಟಲು ಬೇನೆಯಿಂದ ತೀರಿಕೊಂಡ. ವಯಸ್ಸು ಎರಡು ವರ್ಷ ಮೂರು ತಿಂಗಳು. ಮಣ್ಣು ಮಾಡಿದ್ದು ಮಾರ್ಚ್ 1840. ಈ ಶಿಲುಬೆ ಸತ್ತವರಿಗೆ ಹಾಕೋ ಗುರುತು."

ಸಲಾಡು ಬಡಿಸುತ್ತಿದ್ದವಳು ಚಮಚ ಕೆಳಗಿಟ್ಟು ಚೌಕಟ್ಟಿನ ಹತ್ತಿರ ಬಂದಳು.

"ಮುತ್ತಜ್ಜನಾ?" ಎಂದಳು ಯಾರೋ ಒಬ್ಬಳು, ಕಾಫಿ ಪಾತ್ರೆಯ ಪಕ್ಕದಿಂದ.

"ಅಲ್ಲ, ಹೊರಗಡೆ ಕಲ್ಲಿನ ಮೇಲೆ ಹುಟ್ಟಿದ್ದು 1841 ಅಂತಿದೆಯಲ್ಲ," ಎಂದ ರಾಡಟ್ಸ್. ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಇನ್ನೊಮ್ಮೆ ಹಾಕಿದ. "ಅಂದ್ರೆ ನಿಮ್ಮ ಮುತ್ತಜ್ಜ ಹುಟ್ಟೋಕೆ ಒಂದು ವರ್ಷ ಮುಂಚೆ ಸತ್ತಿದಾನೆ."

"ಬರೆದವನು ತಪ್ಪು ಬರೆದಿರಬೇಕು," ಎಂದ ಎಲ್ರಾಯ್.

"ಚೌಕಟ್ಟು ಹಾಕಿಸಿದವನು ನೀನು," ಎಂದರು ಮಿಸೆಸ್ ಕ್ರೆಸ್ಸಿನ್.

ಆಗ ಪಾದ್ರಿ ಲಿಂಡ್‌ಕ್ವಿಸ್ಟ್ ಮುಂದೆ ಬಂದರು. ಇನ್ನೂ ಮೂವತ್ತು ದಾಟದವರು, ಮಿನೆಸೋಟದಿಂದ ಬಂದವರು, ಮೂಲತಃ ಸ್ವೀಡನ್ನಿನವರು. ಊರು ಅದನ್ನು ಕ್ಷಮಿಸಿತ್ತು, ಮರೆತಿರಲಿಲ್ಲ. "ಒಂದು ಮಾತು ಹೇಳ್ಲಾ? ಹಿಂದಿನ ಕಾಲದಲ್ಲಿ ಮಗು ತೀರಿಕೊಂಡ್ರೆ, ಮುಂದೆ ಹುಟ್ಟಿದ ಮಗೂಗೆ ಅದೇ ಹೆಸರು ಇಡ್ತಿದ್ರು. ಇದು ಅಣ್ಣ ಇರಬಹುದು. ಇಲ್ಲಿಗೆ ಬಂದವನು ತಮ್ಮ."

ಇದನ್ನು ಕೇಳಿ ಎಲ್ರಾಯ್ ಸುಮ್ಮನಿದ್ದಿದ್ದರೆ ಎಲ್ಲರೂ ಊಟ ಮುಗಿಸಿ ಮನೆಗೆ ಹೋಗುತ್ತಿದ್ದರು. ಆದರೆ ಮುಖ ಕೆಂಪಾಗಿದ್ದ ಮನುಷ್ಯನಿಗೆ ತನ್ನನ್ನು ಕಾಪಾಡಲು ಬಂದವರು ಕಾಣುವುದಿಲ್ಲ.

"ಪಾದ್ರಿಗಳೇ, ಅದು ನಿಮ್ಮ ಸ್ವೀಡನ್ನಿನ ಕಡೆ ಇರಬಹುದು!" ಎಂದು ಕೂಗಿದ. "ನಮ್ಮನೇಲಿ ಅಂಥ ಕೆಲಸ ಯಾರೂ ಮಾಡಲ್ಲ. ಸತ್ತ ಮಗೂನ ಹೆಸರು ಬದುಕಿರೋ ಮಗೂಗೆ ಯಾವ ತಾಯಿ ಇಡ್ತಾಳೆ? ಶ್ವಾಂಟೆಸ್ ಮನೇಲಿ ನಾಯಿಗೂ ಹಳೇ ಹೆಸರು ಇಟ್ಟಿಲ್ಲ!"

"ಎಲ್ಲರೂ ಕೇಳಿದ್ರಲ್ಲ," ಎಂದರು ಮಿಸೆಸ್ ಕ್ರೆಸ್ಸಿನ್. "ಮನೆಯವನೇ ಹೇಳ್ತಿದಾನೆ." ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಂಡರು.

ಆ ವಾರ ನ್ಯೂ ಕಾಮಿನ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಸೋಮವಾರವೇ ತೀರ್ಮಾನವಾಯಿತು: ಸೈನ್ಯಕ್ಕೆ ಸೇರಬೇಕಾದ ಯಾವನೋ ತಲೆ ತಪ್ಪಿಸಿಕೊಂಡು, ಸತ್ತ ಮಗುವಿನ ಕಾಗದ ಕದ್ದು ಹಡಗು ಹತ್ತಿದ್ದಾನೆ. ಮಂಗಳವಾರದ ಹೊತ್ತಿಗೆ ಆ ಯಾವನೋ ಕುದುರೆ ಕದ್ದಿದ್ದ. ಬುಧವಾರ ಅಂಚೆ ಕಚೇರಿಯ ಹೆಂಗಸು ಎಲ್ರಾಯ್‌ಗೆ ಕಾಗದ ಕೊಡುವ ಮುನ್ನ ವಿಳಾಸವನ್ನು ಎರಡು ಸಲ ಓದಿ, "ಇದು ನಿಮ್ಮದೇ ಅನ್ಕೋತೀನಿ," ಅಂದಳು.

ರಾಡಟ್ಸ್ ಮನೆಗೇ ಬಂದ. ಬಾಗಿಲಲ್ಲೇ ನಿಂತು ಹೇಳಿದ, "ನಮ್ಮೋರು ಎರಡನೇ ಹಡಗಲ್ಲಿ ಬಂದ್ರು ಕಣೋ. ಆದ್ರೆ ಬದುಕಿದ್ದೋರು ಬಂದ್ರು."

"ಹೋಗೋ ಆಚೆ."

"ಹೋಗ್ತೀನಿ. ಇಲ್ಲೊಂದು ಡಬ್ಬಿ ಸೂಪು ಇದೆ. ಹೆಂಡತಿ ಕೊಟ್ಟಳು. ಬಂಕಿನ ಪಕ್ಕದಲ್ಲಿ ನನ್ನ ಬಲಗಡೆ ಜಾಗ ಖಾಲಿ ಇದೆ, ಬೇಕಾದ್ರೆ ಹೇಳು. ದೀಪ ಕಣ್ಣಿಗೆ ಹೊಡೆಯತ್ತೆ, ಅಷ್ಟೇ."

ಬಂಕಿನ ಮಾತು ಎಲ್ರಾಯ್‌ಗೆ ಅರ್ಥವಾದದ್ದು ಆ ಮಧ್ಯಾಹ್ನ ಮಿಸೆಸ್ ಕ್ರೆಸ್ಸಿನ್ ಬಂದು ಕೂತಾಗ. ಅವರು ಕಾಫಿ ಬೇಡವೆಂದರು. ಇದು ಒಳ್ಳೆಯ ಲಕ್ಷಣವಲ್ಲ. ಹತ್ತು ನಿಮಿಷ ನಿಯಮ ಓದಿದರು.

"ನಾಲ್ಕನೇ ನಿಯಮ. ಏಳು ಮನೆಯ ರಕ್ತ. ನಿಮ್ಮ ಮುತ್ತಜ್ಜ ಶ್ವಾಂಟೆಸ್ ಅಲ್ಲ ಅಂದ್ರೆ ನೀನೂ ಅಲ್ಲ. ಹದಿನಾರನೇ ಜಾಗ ಸಮಿತಿಗೆ ವಾಪಸ್ಸು."

"ಆದ್ರೆ ವೆರ್ನಾ ಅಲ್ಲಿದಾಳೆ."

"ಅದನ್ನೇ ಹೇಳೋಕೆ ಬಂದೆ," ಎಂದರು ಅವರು. ಈ ಸಲ ದನಿ ಸ್ವಲ್ಪ ತಗ್ಗಿತು. "ಅವಳು ಅಲ್ಲಿರೋದು ಶ್ವಾಂಟೆಸ್‌ನ ಹೆಂಡತಿ ಅಂತ. ನೀನು ಶ್ವಾಂಟೆಸ್ ಅಲ್ಲದಿದ್ರೆ ಅವಳೂ ಅಲ್ಲ."

"ಅವಳನ್ನ ತೆಗೀತೀರಾ?"

"ತೆಗಿಯಲ್ಲ. ಮೊದಲ ಸಾಲಲ್ಲಿ ಯಾರನ್ನೂ ಸರಿಸಲ್ಲ ಅಂತ ನಾನೇ ಬರೆದಿದೀನಿ. ಅವಳು ಅಲ್ಲೇ ಇರ್ತಾಳೆ. ನೀನು ಬಂಕಿನ ಹತ್ತಿರ." ಪುಸ್ತಕ ಮುಚ್ಚಿದರು. "ಗುರುವಾರ ಎರಡು ಗಂಟೆಗೆ ಸಮಿತಿ. ಪಾದ್ರಿ ಹೇಳಿದ ಪದ್ಧತಿ ನಿಮ್ಮನೇಲಿ ಇತ್ತು ಅನ್ನೋಕೆ ಪುರಾವೆ ಇದ್ರೆ ತಗೊಂಡು ಬಾ. ಇಲ್ಲ ಅಂತ ಕೂಗಿದವನು ನೀನೇ, ನೆನಪಿರಲಿ."

ಅವರು ಹೋದ ಮೇಲೆ ಎಲ್ರಾಯ್ ಅಡುಗೆಮನೆಯಲ್ಲಿ ಕೂತ. ಚರ್ಚಿನಿಂದ ಬಂಕಿಗೆ ಎರಡು ಮೈಲಿ. ಎರಡು ಮೈಲಿ ದೂರದಿಂದ ಒಬ್ಬರಿಗೆ ಏನನ್ನು ಹೇಳಲಿಕ್ಕಾಗುತ್ತದೆ? ವೆರ್ನಾ ಬದುಕಿದ್ದಾಗ ಪಕ್ಕದ ಕೋಣೆಯಿಂದ ಕರೆದರೂ ಕೇಳುತ್ತಿರಲಿಲ್ಲ. ಸೂಪು ಬಿಸಿ ಮಾಡಿದ, ಎರಡು ಬಟ್ಟಲು ತೆಗೆದ, ಒಂದನ್ನು ಮತ್ತೆ ಒಳಗಿಟ್ಟ.

ಫೋನು ಹೊಡೆಯಿತು. ಅಕ್ಕ ಹುಲ್ಡಾ. ಎಂಬತ್ತೆರಡು ವರ್ಷದವಳು, ಪಕ್ಕದೂರಿನ ವೃದ್ಧಾಶ್ರಮದಲ್ಲಿದ್ದಳು. ಅಲ್ಲಿಗೆ ಸುದ್ದಿ ತಲುಪಲು ಮೂರು ದಿನ ಹಿಡಿದದ್ದೇ ಆಶ್ಚರ್ಯ.

"ಲೋ ಎಲ್ರಾಯ್, ಮುತ್ತಜ್ಜನ್ನ ಎರಡು ವರ್ಷಕ್ಕೇ ಸಾಯಿಸಿದೀಯಂತೆ? ಇಲ್ಲಿ ಊಟದ ಮನೇಲಿ ನನ್ನ ಪಕ್ಕ ಯಾರೂ ಕೂರ್ತಿಲ್ಲ. ಕುದುರೆ ಕಳ್ಳರು ಅಂತಿದಾರೆ."

ಅವನು ಎಲ್ಲ ಹೇಳಿದ. ಚೌಕಟ್ಟು, ಶಿಲುಬೆ, ನಾಲ್ಕನೇ ನಿಯಮ, ವೆರ್ನಾ. ಕೊನೆಗೆ ಪಾದ್ರಿ ಹೇಳಿದ್ದನ್ನೂ ಹೇಳಿದ. "ಅದಕ್ಕೆ ನಾನು ಬಿಟ್ಟಿಲ್ಲ ಅಕ್ಕ. ಸತ್ತ ಮಗೂನ ಹೆಸರು ಯಾವ ತಾಯಿ ಇಡ್ತಾಳೆ ಅಂತ ಕೇಳಿದೆ."

ಫೋನು ಕಡಿದುಹೋಯಿತೇನೋ ಎಂದು ಅವನು ಎರಡು ಸಲ ಕುಟ್ಟಿ ನೋಡಿದ.

"ಗುರುವಾರ ಬಂದು ನನ್ನ ಕರ್ಕೊಂಡು ಹೋಗು," ಎಂದಳು ಹುಲ್ಡಾ.

"ನೀನ್ಯಾಕೆ ಅಕ್ಕ? ಮೆಟ್ಟಿಲು ಬೇರೆ ಇದೆ."

"ಕೇಕು ತಿನ್ನೋಕೆ."

ಗುರುವಾರ ಮಳೆ ಹಿಡಿದಿತ್ತು. ನೆಲಮಾಳಿಗೆಯಲ್ಲಿ ಸಮಿತಿಯ ಐದು ಜನ, ಪಾದ್ರಿ, ನಡುವೆ ಮಿಸೆಸ್ ಕ್ರೆಸ್ಸಿನ್, ಅವರ ಮುಂದೆ ಚರ್ಮದ ಹೊದಿಕೆಯ ಸಮಾಧಿ ಪುಸ್ತಕ. ಸಭೆ ಎಂದ ಮೇಲೆ ಕೇಕು ಇರಲೇಬೇಕು. ಮರಣದಂಡನೆ ಕೊಡುವುದಿದ್ದರೂ ನ್ಯೂ ಕಾಮಿನ್‌ನಲ್ಲಿ ಮೊದಲು ಕೇಕು ಕೊಡುತ್ತಾರೆ. ರಾಡಟ್ಸ್‌ಗೆ ಅಲ್ಲಿ ಕೆಲಸವಿರಲಿಲ್ಲ. ಅವನು ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದ.

ಎಲ್ರಾಯ್ ಪುರಾವೆ ತಂದಿದ್ದ: ಅಪ್ಪನ ಸೈನ್ಯದ ಕಾಗದ, ಅಜ್ಜನ ಕೊಡಲಿ, ತನ್ನ ಕಿವಿ.

"ಕಿವಿ?" ಎಂದರು ಮಿಸೆಸ್ ಕ್ರೆಸ್ಸಿನ್.

"ಎಲ್ಲ ಶ್ವಾಂಟೆಸ್‌ಗಳಿಗೂ ಹೀಗೇ ಇರತ್ತೆ."

"ಕುದುರೆ ಕಳ್ಳನಿಗೂ ಇದ್ದಿರಬಹುದು. ಮುಂದೆ?"

ಮುಂದೆ ಏನೂ ಇರಲಿಲ್ಲ. ಎಲ್ರಾಯ್ ಕೊಡಲಿಯನ್ನು ಕುರ್ಚಿಯ ಕೆಳಗಿಟ್ಟ.

"ಇವನೇ ಪುರಾವೆ," ಎಂದಳು ಹುಲ್ಡಾ. ಅವಳು ಕೋಟು ಬಿಚ್ಚಿರಲಿಲ್ಲ. ಕೈಚೀಲ ತೊಡೆಯ ಮೇಲಿತ್ತು. "ಇವನು ಎರಡನೇ ಎಲ್ರಾಯ್."

ಮಿಸೆಸ್ ಕ್ರೆಸ್ಸಿನ್ ಕನ್ನಡಕ ಸರಿಮಾಡಿಕೊಂಡರು.

"ಮೊದಲನೇ ಎಲ್ರಾಯ್ ಹುಟ್ಟಿದ್ದು 1915, ಏಪ್ರಿಲ್ ಒಂಬತ್ತು. ಒಂದು ವರ್ಷ ಎರಡು ತಿಂಗಳು ಇದ್ದ. ನನಗೆ ಆಗ ಏಳು. ಗೋಡೆ ಹಿಡ್ಕೊಂಡು ನಡೀತಿದ್ದ. ಮಾತು ಇನ್ನೂ ಬಂದಿರಲಿಲ್ಲ. ಜ್ವರ ಬಂತು, ನಾಲ್ಕು ದಿನ. ಆಮೇಲೆ ಮರುವರ್ಷ ಇವನು ಹುಟ್ಟಿದ. ಅಮ್ಮ ಅದೇ ತೊಟ್ಟಿಲು ತೆಗೆದಳು, ಅದೇ ಬಟ್ಟೆ ತೆಗೆದಳು, ಅದೇ ಹೆಸರು ಇಟ್ಟಳು. ನನ್ನನ್ನ ದನದ ಕೊಟ್ಟಿಗೆಗೆ ಕರ್ಕೊಂಡು ಹೋಗಿ ಹೇಳಿದಳು: ಇನ್ಮೇಲೆ ಆ ಮಾತು ಎತ್ತಬೇಡ, ಎಲ್ರಾಯ್ ಒಬ್ಬನೇ. ನಾನು ಎತ್ತಲಿಲ್ಲ. ಎಪ್ಪತ್ತನಾಲ್ಕು ವರ್ಷ ಎತ್ತಲಿಲ್ಲ."

"ಏಪ್ರಿಲ್ ಒಂಬತ್ತು," ಎಂದ ಎಲ್ರಾಯ್.

ಅವನ ಹುಟ್ಟುಹಬ್ಬ ಅಕ್ಟೋಬರಿನಲ್ಲಿ. ಆದರೆ ಅಮ್ಮ ಬದುಕಿರುವವರೆಗೂ ಪ್ರತಿ ಏಪ್ರಿಲ್ ಒಂಬತ್ತಕ್ಕೂ ಸೇಬಿನ ಕೇಕು ಮಾಡುತ್ತಿದ್ದಳು. ಯಾಕಮ್ಮ ಎಂದರೆ, ಸುಮ್ನೆ ಕಣೋ ತಿನ್ನು ಎನ್ನುತ್ತಿದ್ದಳು. ವರ್ಷಕ್ಕೆ ಎರಡು ಕೇಕು ಸಿಗುವಷ್ಟು ಮುದ್ದಿನ ಮಗ ತಾನು ಎಂದು ಅವನು ರಾಡಟ್ಸ್‌ನ ಮುಂದೆ ಬೇಕಾದಷ್ಟು ಸಲ ಕೊಚ್ಚಿಕೊಂಡಿದ್ದ. ರಾಡಟ್ಸ್ ಈಗ ನೆಲ ನೋಡುತ್ತಿದ್ದ.

"ಎಲ್ಲಿ ಮಣ್ಣು ಮಾಡಿದ್ದು?" ಎಂದರು ಮಿಸೆಸ್ ಕ್ರೆಸ್ಸಿನ್.

"ಕುರಿಮರಿ ಕೆಳಗೆ."

ಮಿಸೆಸ್ ಕ್ರೆಸ್ಸಿನ್ ಪುಸ್ತಕ ತೆರೆದರು. ಬೆರಳು ಸಾಲಿನ ಮೇಲೆ ಇಳಿಯಿತು. ನಿಂತಿತು. "ಹದಿನಾಲ್ಕು. ಎಲ್ರಾಯ್ ಶ್ವಾಂಟೆಸ್." ಅವರ ಮುಖದ ಬಣ್ಣ ಮೊದಲ ಸಲ ಬದಲಾಯಿತು. "ಇವನು ಕಾದಿರಿಸಿಕೊಂಡ ಹದಿನಾರನ್ನ ಯಾರೋ ತಪ್ಪಿ ಇಲ್ಲಿ ಬರೆದಿದಾರೆ ಅಂತ ಮೂವತ್ತು ವರ್ಷದಿಂದ ಅಂದ್ಕೊಂಡಿದ್ದೆ. ತಾರೀಕಿನ ಮೇಲೆ ಯಾರೋ ಕಾಫಿ ಚೆಲ್ಲಿದಾರೆ." ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದರು. "ಜೂನ್ 1916."

"ಆಯ್ತಲ್ಲ," ಎಂದರು ಪಾದ್ರಿ, ಕೈ ಉಜ್ಜಿಕೊಳ್ಳುತ್ತ. "ಪದ್ಧತಿ ಇತ್ತು. ಮುತ್ತಜ್ಜನೂ ಎರಡನೆಯವನು. ಎಲ್ರಾಯ್ ಶ್ವಾಂಟೆಸ್‌ಗೆ ಮೊದಲ ಸಾಲಲ್ಲಿ ಹಕ್ಕಿದೆ."

"ಎಲ್ರಾಯ್ ಶ್ವಾಂಟೆಸ್‌ಗೆ ಹಕ್ಕಿದೆ," ಎಂದು ಒಪ್ಪಿದರು ಮಿಸೆಸ್ ಕ್ರೆಸ್ಸಿನ್. "ಕೊಟ್ಟಾಗಿದೆ. ಒಂಬತ್ತನೇ ನಿಯಮ: ಒಂದು ಹೆಸರಿಗೆ ಒಂದೇ ಜಾಗ. ಪುಸ್ತಕದ ಪ್ರಕಾರ ಎಲ್ರಾಯ್ ಶ್ವಾಂಟೆಸ್ ಹದಿನಾಲ್ಕರಲ್ಲಿ ಮಲಗಿ ಎಪ್ಪತ್ತೈದು ವರ್ಷ ಆಯ್ತು."

ರಾಡಟ್ಸ್ ಎದ್ದು ನಿಂತ. "ಮಿಸೆಸ್ ಕ್ರೆಸ್ಸಿನ್! ಅವನು ಇಲ್ಲಿ ಕೂತು ಕೇಕು ತಿಂತಿದಾನೆ!"

"ನನಗೆ ಕಾಣುತ್ತೆ ಗಿಲ್ಬರ್ಟ್. ಪುಸ್ತಕಕ್ಕೆ ಕಾಣಲ್ಲ."

"ಈ ಮನುಷ್ಯ ಮುತ್ತಜ್ಜನ್ನ ಹುಟ್ಟೋ ಮುಂಚೆ ಸಾಯಿಸಿದ. ನೀವು ಇವನನ್ನ ಬದುಕಿರೋವಾಗಲೇ ಹೂತುಬಿಟ್ರಿ. ನನಗನ್ಸತ್ತೆ, ಇಬ್ಬರೂ ಸಾಕು ಮಾಡಿ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ಮಿಸೆಸ್ ಕ್ರೆಸ್ಸಿನ್‌ಗೆ ಯಾರೂ ಸಾಕು ಎಂದಿರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಪುಸ್ತಕದಲ್ಲಿ ಹದಿನಾರರ ಮುಂದೆ ಖಾಲಿ ಇದೆ. ನಾನು ಏನಾದ್ರೂ ಬರೀಬೇಕು. ಎಲ್ರಾಯ್ ಅಂತ ಬರೆಯೋಕಾಗಲ್ಲ, ಆ ಹೆಸರು ಹೋಗಿದೆ. ನೀನೇ ಹೇಳು. ನೀನು ಯಾರು?"

ಇದು ಕಷ್ಟದ ಪ್ರಶ್ನೆಯಲ್ಲ. ಚುನಾವಣೆಯ ಮತಗಟ್ಟೆಯಲ್ಲಿ, ಔಷಧಿ ಅಂಗಡಿಯಲ್ಲಿ, ಎಲ್ಲ ಕಡೆಯೂ ಅವನು ಇದಕ್ಕೆ ಥಟ್ಟನೆ ಉತ್ತರ ಕೊಟ್ಟವನೇ. ಈಗ ಬಾಯಿ ತೆರೆದ. ಒಳಗಿಂದ ಬರುವುದಕ್ಕೆ ತಯಾರಾಗಿದ್ದ ಹೆಸರು ಒಂದು ಮಗುವಿನದು. ತೊಟ್ಟಿಲೂ ಅದರದ್ದೇ, ಏಪ್ರಿಲ್ ತಿಂಗಳ ಕೇಕೂ ಅದರದ್ದೇ. ತನ್ನದು ಎನ್ನುವುದೇನಿದೆ ಎಂದು ಹುಡುಕಿದ. ಚೀಸ್ ಕಾರ್ಖಾನೆ ಮುಚ್ಚಿತ್ತು. ಅರಣ್ಯಾಧಿಕಾರಿ ಸುಳ್ಳಾಗಿದ್ದ. ಮಳೆಯ ನೀರು ಕಿಟಕಿಯ ಮೇಲಿಂದ ಇಳಿಯುತ್ತಿತ್ತು.

"ವೆರ್ನಾ ಗಂಡ," ಅಂದ.

ಮಿಸೆಸ್ ಕ್ರೆಸ್ಸಿನ್ ನಾಲ್ಕನೇ ನಿಯಮವನ್ನು ಇನ್ನೊಮ್ಮೆ ಓದಿಕೊಂಡರು. ಏಳು ಮನೆಯವರ ಹೆಂಡತಿಯರಿಗೂ ಗಂಡಂದಿರಿಗೂ ಹಕ್ಕಿದೆ. ವೆರ್ನಾ ಅಲ್ಲಿರುವುದು ಇವನ ಹೆಂಡತಿ ಎಂದು; ಇವನು ಅಲ್ಲಿಗೆ ಹೋಗುವುದು ಅವಳ ಗಂಡ ಎಂದು. ನಿಯಮ ಸುತ್ತು ಹಾಕಿ ತನ್ನ ಬಾಲವನ್ನು ತಾನೇ ಹಿಡಿದುಕೊಂಡಿತ್ತು. ಆದರೂ ಎಲ್ಲಿಯೂ ಮುರಿದಿರಲಿಲ್ಲ. ಅವರು ಹಳೆಯ ಬರಹದಲ್ಲಿ, ನಿಧಾನವಾಗಿ, ಬರೆದರು. ಶಾಯಿ ಆರುವವರೆಗೆ ಊದಿದರು.

"ಹದಿನಾರು. ವೆರ್ನಾಳ ಗಂಡ. ಇನ್ನು ಎಲ್ಲರೂ ಕೇಕು ತಗೊಳ್ಳಿ."

ಶನಿವಾರ ಮಳೆ ಬಿಟ್ಟಿತ್ತು, ಮೋಡ ಬಿಟ್ಟಿರಲಿಲ್ಲ. ಎಲ್ರಾಯ್ ಯಂತ್ರವನ್ನು ಬೇಲಿಯ ಬಳಿ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರು, ಪಾತ್ರೆ ಉಜ್ಜುವ ಬ್ರಶ್ಶು ತಂದಿದ್ದ. ವೆರ್ನಾಗೆ ಎಂದಿನಂತೆ ವಾರದ ಸುದ್ದಿ ಹೇಳಿದ. ಆಮೇಲೆ ಆ ಪಕ್ಕಕ್ಕೆ ಹೋಗಿ, ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ ಕುರಿಮರಿಯ ಕಲ್ಲು ಉಜ್ಜತೊಡಗಿದ. ಪಾಚಿ ಪದರ ಪದರವಾಗಿ ಎದ್ದಿತು. ಮೊದಲು ಒಂದು ಅಕ್ಷರ, ಆಮೇಲೆ ಇನ್ನೊಂದು. ಕ್ರಮೇಣ ತನ್ನ ಹೆಸರು ಪೂರ್ತಿ ಹೊರಗೆ ಬಂತು. ಈ ಕಲ್ಲಿನ ಮೇಲೆ ಗೆರೆಯ ಎರಡೂ ಕಡೆ ವರ್ಷಗಳಿದ್ದವು. ಕುರಿಮರಿಯ ಒಂದು ಕಿವಿ ಮುರಿದಿತ್ತು. ಹಸಿ ಗಾಯ, ಯಂತ್ರದ ಬಣ್ಣ ಇನ್ನೂ ಅಂಟಿತ್ತು. ಅವನು ಅದರ ಮೇಲೆ ಬೆರಳಿಟ್ಟು, ತಗ್ಗಿದ ದನಿಯಲ್ಲಿ ಏನೋ ಹೇಳುತ್ತ ಕೂತ. ಬಹಳ ಹೊತ್ತು ಹೇಳಿದ.

ಬೇಲಿಯ ಆಚೆ ಲಾರಿ ನಿಂತಿತು. ರಾಡಟ್ಸ್ ಇಳಿದು ಬಂದು, ಬೇಲಿಗೆ ಮೊಣಕೈಯೂರಿದ.

"ಯಾರ ಜೊತೆ ಮಾತಾಡ್ತಿದೀಯೋ?"

"ಎಲ್ರಾಯ್ ಜೊತೆ."

ರಾಡಟ್ಸ್ ಟೋಪಿ ತೆಗೆದ. ಏನಾದರೂ ಚುಚ್ಚು ಮಾತು ಹುಡುಕಿದ. ಐವತ್ತು ವರ್ಷದಲ್ಲಿ ಮೊದಲ ಸಲ ಸಿಗಲಿಲ್ಲ.

"ಏನಂತಾನೆ?" ಎಂದ.

ಎಲ್ರಾಯ್ ಬ್ರಶ್ಶನ್ನು ಬಕೆಟ್ಟಿನಲ್ಲಿ ಅದ್ದಿದ.

"ಏನೂ ಅನ್ನಲ್ಲ," ಅಂದ. "ಅವನಿಗೆ ಇನ್ನೂ ಮಾತು ಬಂದಿರಲಿಲ್ಲ."